ಪೇಟಿ ಕೊಳ್ಳುವ ಮುನ್ನ: ಸಾದಾ ಬೇಕೋ, ಸ್ಕೇಲ್ ಚೇಂಜರ್ ಬೇಕೋ?

ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಕಡೆಯ ಭಜನಾ ಮಂಡಳಿಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: "ಈ ಸಲ ಹೊಸ ಪೇಟಿ ತರೂನ್ರಿ." ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಊರುಗಳಲ್ಲಿ ಹಾರ್ಮೋನಿಯಂ ಅಂದರೆ ಪೇಟಿ, ಬಾರಿಸುವವರು ಪೇಟಿ ಮಾಸ್ತರರು. ಕಬ್ಬಿನ ಬಿಲ್ಲು ಕೈಗೆ ಬಂದವರು ಒಂದಿಷ್ಟು, ಮಗ್ಗದ ಕೂಲಿಯವರು ಒಂದಿಷ್ಟು ಕೊಟ್ಟು ವಂತಿಗೆ ಕೂಡಿಸುತ್ತಾರೆ. ಇಬ್ಬರು ಮೂವರು ಮಿರಜಿಗೋ ಹುಬ್ಬಳ್ಳಿಗೋ ಹೊರಡುತ್ತಾರೆ. ಅಂಗಡಿಯವನು ಮೊದಲು ಕೇಳುವುದೇ ಈ ಪ್ರಶ್ನೆ: "ಸಾದಾ ಬೇಕೋ, ಸ್ಕೇಲ್ ಚೇಂಜರ್ ಬೇಕೋ?" ಉತ್ತರ ಗೊತ್ತಿಲ್ಲದೆ ಹೋದವರು ಹೆಚ್ಚು ಬೆಲೆಯದೇ ಒಳ್ಳೆಯದಿರಬೇಕು ಎಂದುಕೊಂಡು ದೊಡ್ಡದನ್ನು ಹೊತ್ತು ತರುತ್ತಾರೆ.

ಹಾಗೆ ತಂದ ಪೇಟಿಗಳು ಎರಡೇ ವರ್ಷದಲ್ಲಿ ಗುಡಿಯ ಅಟ್ಟ ಸೇರಿದ್ದನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ. ಹತ್ತು ಮನೆಯ ಹಣ ಹಾಗೆ ಮೂಲೆ ಸೇರಬಾರದು. ಅದಕ್ಕೇ ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳನ್ನೆಲ್ಲ ಒಂದೆಡೆ ಇಟ್ಟು ನೋಡುವ ಪ್ರಯತ್ನ ಇದು.

ಪ್ಯಾರಿಸ್‌ನಿಂದ ನಮ್ಮ ಗುಡಿಗೆ

ಹಾರ್ಮೋನಿಯಂ ಹುಟ್ಟಿದ್ದು ಯುರೋಪಿನಲ್ಲಿ. ಪ್ಯಾರಿಸ್‌ನ ಅಲೆಕ್ಸಾಂಡ್ರ್ ಡೆಬೇನ್ 1840ರ ದಶಕದ ಆರಂಭದಲ್ಲಿ ಆ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಅದು ಕುರ್ಚಿಯ ಮೇಲೆ ಕೂತು ಎರಡೂ ಕಾಲಿನಿಂದ ಗಾಳಿ ತುಂಬಿ, ಎರಡೂ ಕೈಯಿಂದ ಬಾರಿಸುವ ವಾದ್ಯ. ಕಲ್ಕತ್ತೆಯಲ್ಲಿ 1875ರಲ್ಲಿ ಶುರುವಾದ ದ್ವಾರ್ಕಿನ್ ಕಂಪನಿಯ ದ್ವಾರಕಾನಾಥ ಘೋಷ್ ಅದನ್ನು ನೆಲಕ್ಕೆ ಇಳಿಸಿದರು. ತಿದಿಯನ್ನು ಬೆನ್ನಿಗೆ ಕೂಡಿಸಿ, ಎಡಗೈಗೆ ಗಾಳಿ, ಬಲಗೈಗೆ ಸ್ವರ ಎಂದು ಹಂಚಿಕೊಟ್ಟರು. ಚಾಪೆ ಹಾಸಿ ಕೂತು ಹಾಡುವ ನಮ್ಮ ಜನರಿಗೆ ಆ ವಾದ್ಯ ಒಗ್ಗಿಹೋಯಿತು.

ನಮ್ಮ ಭಾಗಕ್ಕೆ ಅದು ಮುಖ್ಯವಾಗಿ ಬಂದದ್ದು ನಾಟಕ ಕಂಪನಿಗಳ ಜೊತೆ. ಮೈಕು ಇಲ್ಲದ ಕಾಲದಲ್ಲಿ ರಂಗದ ಮುಂದೆ ಕಾಲು ಹಾರ್ಮೋನಿಯಂ ಇಟ್ಟುಕೊಂಡ ಮಾಸ್ತರರೇ ನಾಟಕದ ಜೀವ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಆ ರಂಗಸಂಗೀತದ ನೆಲದಿಂದಲೇ ಮುಂಬಯಿಗೆ ಹೋಗಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಿತರಾದರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ನಾಟಕ ಕಂಪನಿಯಲ್ಲಿ ಹಾಡಿ ಅಭಿನಯಿಸಿದರು. ಕುಲಗೋಡ ತಮ್ಮಣ್ಣನಿಂದ ಬೆಳೆದ ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಿಮ್ಮೇಳಕ್ಕೂ ಪೇಟಿ ಬಂತು. ಅಥಣಿ ಕಡೆಯ ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬಾಳಿದ ಪಂಡಿತ ಆರ್.ಕೆ. ಬಿಜಾಪುರೆ ಅವರು ಇದೇ ವಾದ್ಯವನ್ನು ಸ್ವತಂತ್ರ ಕಛೇರಿಯ ಎತ್ತರಕ್ಕೆ ಏರಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತವರು ಊರೂರಿಗೆ ಸಂಗೀತ ಮಾಸ್ತರರಾಗಿ, ಕೀರ್ತನಕ್ಕೆ ಸಾಥಿಗಳಾಗಿ ಹೋದರು. ಇಷ್ಟು ದೊಡ್ಡ ಬಳಗದ ಕೈಯಲ್ಲಿ ಪಳಗಿದ ವಾದ್ಯವನ್ನು ಪರದೇಶದ್ದು ಎಂದು ಈಗ ಯಾರೂ ಹೇಳಲಾರರು.

ಪೆಟ್ಟಿಗೆಯ ಒಳಗೆ

ಕೊಳ್ಳುವವರು ಮೊದಲು ಪೇಟಿಯ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯಬೇಕು. ಒಂದೊಂದು ಸ್ವರಕ್ಕೂ ಒಂದೊಂದು ಹಿತ್ತಾಳೆಯ ರೀಡು. ಹಿತ್ತಾಳೆಯ ಚಪ್ಪಟೆ ಪಟ್ಟಿಯಲ್ಲಿ ಉದ್ದಕ್ಕೆ ಸೀಳಿದ ಕಿಂಡಿ. ಅದರ ಮೇಲೆ ಒಂದು ತುದಿಗೆ ಮಾತ್ರ ಬೆಸೆದ ತೆಳು ನಾಲಗೆ. ಗಾಳಿ ಬಂದಾಗ ಈ ನಾಲಗೆ ಕಿಂಡಿಯ ಒಳಗೂ ಹೊರಗೂ ತೂಗಾಡಿ ನುಡಿಯುತ್ತದೆ. ನಾವು ಮನೆ (ಕೀ) ಒತ್ತಿದಾಗ ಆಗುವುದು ಇಷ್ಟೇ: ತೊಗಲು ಹಚ್ಚಿದ ಮುಚ್ಚಳವೊಂದು ಮೇಲೆದ್ದು ಆ ರೀಡಿಗೆ ಗಾಳಿಯ ಬಾಗಿಲು ತೆರೆಯುತ್ತದೆ.

ಶ್ರುತಿ ಕೂಡಿಸುವುದು ಬಹಳ ನಾಜೂಕಿನ ಕೆಲಸ. ಬನಹಟ್ಟಿಯ ಒಂದು ಗುಡಿಯ ಕಟ್ಟೆಯ ಮೇಲೆ ಪೇಟಿ ಬಿಚ್ಚಿ ಕೂತಿದ್ದ ಹಿರಿಯರೊಬ್ಬರ ಕೈಯನ್ನು ನಾನು ಒಂದು ಮಧ್ಯಾಹ್ನವಿಡೀ ನೋಡಿದ್ದೇನೆ. ನಾಲಗೆಯ ಕೆಳಗೆ ತೆಳು ಬ್ಲೇಡು ತೂರಿಸಿ ಆಸರೆ ಕೊಟ್ಟು, ತುದಿಯ ಹತ್ತಿರ ಎರಡು ಸಲ ಹಗುರಾಗಿ ಕೆರೆದರು, ಸ್ವರ ಏರಿತು. ತುಸು ಹೆಚ್ಚಾಯಿತೆನಿಸಿ ಬೆಸುಗೆಯ ಬುಡದಲ್ಲಿ ಒಂದು ಸಲ ಕೆರೆದರು, ಸ್ವರ ಇಳಿಯಿತು. ತುದಿ ಹಗುರಾದರೆ ನಾಲಗೆ ಬೇಗ ತೂಗುತ್ತದೆ, ಬುಡ ತೆಳುವಾದರೆ ನಿಧಾನ ತೂಗುತ್ತದೆ. ಪ್ರತಿ ಸಲ ಕೆರೆದ ಮೇಲೂ ರೀಡನ್ನು ತುಟಿಗೆ ಹಿಡಿದು ಊದಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. "ಕೆರೆದದ್ದು ತಿರುಗಿ ಕೂಡಂಗಿಲ್ರಿ, ಅದಕ್ಕ ಕಿವಿ ಮೊದಲು, ಕೈ ಆಮ್ಯಾಲೆ" ಅಂದರು. ಪೇಟಿಯ ಬೆಲೆ ಎಲ್ಲಿದೆ ಎಂದು ನನಗೆ ತಿಳಿದದ್ದು ಅವತ್ತು.

ರೀಡುಗಳಲ್ಲಿ ಜಾತಿಗಳಿವೆ. ಗುಜರಾತಿನ ಪಾಲಿಟಾಣಾ ರೀಡು ತಯಾರಿಗೆ ಹೆಸರಾದ ಊರು. ಅಲ್ಲಿಯ ರೀಡಿನ ನಾದ ದುಂಡಗೆ, ತಂಪು. ದಿಲ್ಲಿ ಕಡೆಯ ರೀಡು ಚುರುಕು, ಜೋರು. ಹಳೆಯ ಪೇಟಿಗಳಲ್ಲಿ ಜರ್ಮನಿ, ಫ್ರಾನ್ಸ್‌ಗಳಿಂದ ಬಂದ ರೀಡುಗಳಿರುವುದುಂಟು. ಅಂಥವು ಮನೆಯಲ್ಲಿದ್ದರೆ ಪೆಟ್ಟಿಗೆ ಹಾಳಾಯಿತೆಂದು ಗುಜರಿಗೆ ಹಾಕಬೇಡಿ. ಆ ರೀಡುಗಳನ್ನು ಹೊಸ ಪೆಟ್ಟಿಗೆಗೆ ಕೂಡಿಸಬಹುದು.

ಎರಡು ದಾರಿ

ಈಗ ಮೂಲ ಪ್ರಶ್ನೆಗೆ ಬರೋಣ. ಸಾದಾ ಪೇಟಿಯಲ್ಲಿ ಮನೆಗಳು ತಮ್ಮ ತಮ್ಮ ರೀಡಿನ ಮೇಲೆ ಶಾಶ್ವತವಾಗಿ ಕೂತಿರುತ್ತವೆ. ಹಾಡುವವರು ಕರಿ ಎರಡರಲ್ಲಿ, ಅಂದರೆ ಸಪ್ತಕದ ಎರಡನೆಯ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡಿದರೆ ಮಾಸ್ತರರು ಕರಿ ಎರಡನ್ನೇ ಷಡ್ಜ ಮಾಡಿಕೊಂಡು ಬಾರಿಸಬೇಕು. ಮುಂದಿನವರು ಬಿಳಿ ಐದಕ್ಕೆ ಏರಿದರೆ ಬೆರಳಿನ ನಡೆಯೆಲ್ಲ ಬದಲಾಗುತ್ತದೆ. ಹನ್ನೆರಡು ಸ್ವರಗಳಿಂದಲೂ ಬಾರಿಸಬಲ್ಲವರಿಗೆ ಇದು ತೊಡಕೇ ಅಲ್ಲ. ಒಂದೇ ಶ್ರುತಿಯಲ್ಲಿ ಕಲಿತವರಿಗೆ ಕಷ್ಟ.

ಸ್ಕೇಲ್ ಚೇಂಜರ್ ಆ ಕಷ್ಟವನ್ನು ಯಂತ್ರದಿಂದ ಬಿಡಿಸುತ್ತದೆ. ಅದರಲ್ಲಿ ಮನೆಗಳ ಸಾಲು ಪೂರ್ತಿಯಾಗಿ ಎತ್ತಿ ಅಕ್ಕಪಕ್ಕ ಸರಿಯುತ್ತದೆ. ಒಂದು ಗೀಟು ಬಲಕ್ಕೆ ಸರಿಸಿದರೆ ಬಿಳಿ ಒಂದರ ಮನೆ ಕರಿ ಒಂದರ ರೀಡನ್ನು ನುಡಿಸುತ್ತದೆ. ಮಾಸ್ತರರು ತಮಗೆ ರೂಢಿಯಾದ ಜಾಗದಲ್ಲೇ ಬೆರಳಾಡಿಸುತ್ತಾರೆ, ಶ್ರುತಿ ಮಾತ್ರ ಹಾಡುವವರ ಕಂಠಕ್ಕೆ ಬದಲಾಗುತ್ತದೆ. ಒಂದೇ ರಾತ್ರಿ ಹತ್ತು ಜನರಿಗೆ ಸಾಥ್ ಕೊಡುವವರಿಗೆ, ಗಂಡು ಹೆಣ್ಣು ಇಬ್ಬರಿಗೂ ಕಲಿಸುವ ಸಂಗೀತ ಶಾಲೆಗೆ ಇದು ದೊಡ್ಡ ಅನುಕೂಲ. ಗಂಡಸರು ಸಾಮಾನ್ಯವಾಗಿ ಬಿಳಿ ಒಂದರಿಂದ ಕರಿ ಎರಡರ ಆಸುಪಾಸು, ಹೆಂಗಸರು ಬಿಳಿ ಐದರಿಂದ ಕರಿ ಐದರ ಆಸುಪಾಸು ಹಾಡುತ್ತಾರೆ. ಆ ಅಂತರವನ್ನು ಸ್ಕೇಲ್ ಚೇಂಜರ್ ಒಂದು ಕ್ಷಣದಲ್ಲಿ ದಾಟಿಸುತ್ತದೆ.

ಆದರೆ ಈ ಅನುಕೂಲಕ್ಕೆ ಬೆಲೆ ತೆರಬೇಕು. ಮೊದಲನೆಯದು ತೂಕ: ಜಾರುವ ಚೌಕಟ್ಟು, ಹೆಚ್ಚಿನ ರೀಡು, ಗಟ್ಟಿ ಪೆಟ್ಟಿಗೆ ಸೇರಿ ಅದು ಸಾದಾ ಪೇಟಿಗಿಂತ ಬಹಳ ಭಾರ. ಪಂಢರಪುರದ ದಿಂಡಿಯಲ್ಲಿ ಕೊರಳಿಗೆ ಪಟ್ಟಿ ಹಾಕಿಕೊಂಡು ನಡೆಯುತ್ತ ಬಾರಿಸುವವರಿಗೆ ಅದು ಆಗದ ಮಾತು. ಎರಡನೆಯದು ಕೀಲು: ಸರಿಯುವ ಭಾಗವಿದ್ದಲ್ಲಿ ಸವೆತ ಇದ್ದೇ ಇರುತ್ತದೆ. ವರ್ಷ ಕಳೆದಂತೆ ಮನೆಗಳು ಗಡಗಡ ಅನ್ನುತ್ತವೆ, ಕೆಲವು ಕೆಳಗಿಳಿದು ಕೆಲವು ಮೇಲಿರುತ್ತವೆ, ಒಂದು ಜಾಗದಲ್ಲಿ ಸರಿಯಾಗಿ ನುಡಿದದ್ದು ಮುಂದಿನ ಜಾಗದಲ್ಲಿ ಅರ್ಧ ತೆರೆದು ಸೊರಗುತ್ತದೆ. ಮನೆಗಳನ್ನು ಎತ್ತದೆ ಅವಸರದಿಂದ ಸರಿಸಿದರೆ ಮುರಿಯುವುದೂ ಉಂಟು. ನಾಲ್ಕಾರು ಕೈಗೆ ಸಿಗುವ ಗುಡಿಯ ಪೇಟಿಗೆ ಈ ಗತಿ ಬೇಗ ಬರುತ್ತದೆ. ಮೂರನೆಯದು ರಿಪೇರಿ: ಸಾದಾ ಪೇಟಿಯನ್ನು ಬಿಚ್ಚಿ ಕೂಡಿಸುವವರು ನಮ್ಮ ಸುತ್ತ ಸಿಗುತ್ತಾರೆ, ಸ್ಕೇಲ್ ಚೇಂಜರ್ ಬಿಚ್ಚಲು ಎಲ್ಲರೂ ಧೈರ್ಯ ಮಾಡುವುದಿಲ್ಲ.

ಗಾಂಧಾರದ ಮಾತು

ತೂಕ, ರಿಪೇರಿಗಿಂತ ಸೂಕ್ಷ್ಮವಾದ ವಿಷಯವೊಂದಿದೆ. ಅದು ಸ್ವರಸ್ಥಾನದ್ದು, ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಆಲ್ ಇಂಡಿಯಾ ರೇಡಿಯೊ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ಅನ್ನು ಪ್ರಸಾರದಿಂದ ಹೊರಗಿಟ್ಟಿತ್ತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ವಾದ್ಯದ ಮೇಲಿನ ಮುಖ್ಯ ಆರೋಪ ಎರಡು: ಇದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ, ಇದರ ಸ್ವರಸ್ಥಾನ ನಮ್ಮದಲ್ಲ. ಮೊದಲನೆಯದಕ್ಕೆ ಪರಿಹಾರವಿಲ್ಲ. ಎರಡನೆಯದರಲ್ಲಿ ಹುರುಳಿದೆ, ಅದಕ್ಕೆ ಪರಿಹಾರವೂ ಇದೆ. ಕಾರ್ಖಾನೆಯಿಂದ ಬರುವ ಪೇಟಿಯಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಒಂದು ಪಾಲನ್ನು ಮತ್ತೆ ನೂರು ಭಾಗ ಮಾಡಿ ಅಳೆದರೆ ಷಡ್ಜದಿಂದ ಗಾಂಧಾರ 400 ಭಾಗ ದೂರ ಬೀಳುತ್ತದೆ. ತಂಬೂರಿಯ ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರ 386ರಲ್ಲಿದೆ. ಪಂಚಮದಲ್ಲಿ ವ್ಯತ್ಯಾಸ ಬರೇ 2 ಭಾಗ, ಕಿವಿಗೆ ತಿಳಿಯದು. ಗಾಂಧಾರದ 14 ಭಾಗ ಮಾತ್ರ ಪಳಗಿದ ಕಿವಿಗೆ ಮುಳ್ಳಿನಂತೆ ಚುಚ್ಚುತ್ತದೆ.

ಅದಕ್ಕೇ ಹಿಂದೂಸ್ತಾನಿ ಗಾಯಕರು ತಮ್ಮ ಷಡ್ಜಕ್ಕೆ ತಕ್ಕಂತೆ ಗಾಂಧಾರ ಇಳಿಸಿ, ಉಳಿದ ಸ್ವರಗಳನ್ನೂ ಹೊಂದಿಸಿದ ಪೇಟಿ ಕೇಳುತ್ತಾರೆ. ಇದಕ್ಕೆ ಗಾಂಧಾರ ಟ್ಯೂನಿಂಗ್ ಎನ್ನುತ್ತಾರೆ. ಇಲ್ಲೇ ಸ್ಕೇಲ್ ಚೇಂಜರ್ ಸೋಲುವುದು. ಮನೆ ಸರಿದರೂ ರೀಡು ಸರಿಯುವುದಿಲ್ಲವಲ್ಲ! ಕರಿ ಒಂದನ್ನು ಷಡ್ಜವೆಂದು ಕೂಡಿಸಿದ ರೀಡುಗಳು ಕರಿ ಒಂದಕ್ಕೆ ಮಾತ್ರ ಒಪ್ಪುತ್ತವೆ. ಬಿಳಿ ನಾಲ್ಕಕ್ಕೆ ಸರಿಸಿದರೆ ಹೊಸ ಗಾಂಧಾರ, ಹೊಸ ನಿಷಾದ ತಪ್ಪಿಹೋಗುತ್ತವೆ. ಎಲ್ಲ ಶ್ರುತಿಗೂ ಸಲ್ಲಬೇಕೆಂದರೆ ಸಮಪಾಲಿನ ಕೂಡಿಕೆಯೇ ಗತಿ. ಅಂದರೆ ಸ್ಕೇಲ್ ಚೇಂಜರ್ ಎಲ್ಲರಿಗೂ ಸ್ವಲ್ಪ ಸ್ವಲ್ಪ ಒಗ್ಗುತ್ತದೆ. ಗಾಂಧಾರ ಕೂಡಿಸಿದ ಸಾದಾ ಪೇಟಿ ಒಬ್ಬರ ಕಂಠಕ್ಕೆ ಪೂರ್ತಿ ಒಗ್ಗುತ್ತದೆ. ಒಂದೇ ಶ್ರುತಿಯಲ್ಲಿ ವರ್ಷಾನುಗಟ್ಟಲೆ ಹಾಡುವ ಮಂಡಳಿಗೆ ಯಾವುದು ಹಿತವೆಂದು ಬೇರೆ ಹೇಳಬೇಕಿಲ್ಲ.

ಎರಡು ಸಾಲು, ಮೂರು ಸಾಲು

ಇನ್ನೊಂದು ಗೊಂದಲ ರೀಡಿನ ಸಾಲುಗಳದು. ಖರ್ಜ, ನರ, ಮಾದಿ ಎಂದು ಮೂರು ತರದ ಸಾಲು. ಖರ್ಜದ್ದು ಕೆಳಗಿನ ಸಪ್ತಕದ ಗಂಭೀರ ನಾದ, ನರ ನಡುವಿನದು, ಮಾದಿ ಮೇಲಿನದು. 42 ಮನೆಯ ಪೇಟಿಗೆ ಎರಡು ಸಾಲಾದರೆ 84 ರೀಡು, ಮೂರು ಸಾಲಾದರೆ 126. ಹೆಚ್ಚು ರೀಡಿಗೆ ಹೆಚ್ಚು ಗಾಳಿ ಬೇಕು, ಹೆಚ್ಚು ಶ್ರುತಿ ಕೆಲಸ ಬೇಕು. ಮೈಕು ಇಲ್ಲದ ನಾಟಕದ ಟೆಂಟಿನಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಲು ಮೂರು ಸಾಲಿನ ಅಬ್ಬರ ಬೇಕಿತ್ತು. ಈಗ ಪ್ರತಿ ಗುಡಿಯಲ್ಲೂ ಮೈಕಿದೆ. ಖರ್ಜ ಮತ್ತು ನರ, ಈ ಎರಡು ಸಾಲು ಭಜನೆಗೆ ಧಾರಾಳ ಸಾಕು.

ಸಾದಾ ಪೇಟಿ ಕೊಳ್ಳುವವರು 37 ಮನೆಯದಕ್ಕಿಂತ 42 ಮನೆಯದನ್ನೇ ನೋಡುವುದು ಲೇಸು. ಷಡ್ಜ ಎತ್ತರಕ್ಕೆ ಹೋದಾಗ ಬಲಗಡೆ ಬೆರಳಿಗೆ ಜಾಗ ಉಳಿಯಬೇಕು. ಪಾರಿಜಾತದಂತಹ ಏರುಕಂಠದ ಹಾಡಿಕೆಗೆ ಇದು ಅಗತ್ಯ.

ಮನೆ ಒತ್ತಿದರೆ ಮೇಲಿನ ಅಥವಾ ಕೆಳಗಿನ ಸಪ್ತಕದ ಮನೆಯೂ ತಾನಾಗಿ ಇಳಿಯುವ ಕಪ್ಲರ್ ಬಗ್ಗೆ ಒಂದು ಮಾತು. ಅದು ನಾದ ತುಂಬಿಕೊಡುತ್ತದೆ, ನಿಜ. ಆದರೆ ಬೆರಳಿಗೆ ಭಾರ, ಕೆಡುವ ತಂತಿಗಳ ಸಂಖ್ಯೆಯೂ ಹೆಚ್ಚು. ಕಲಿಯುವವರಿಗೆ ಬೇಡವೇ ಬೇಡ.

ನಮ್ಮ ಹವೆ, ನಮ್ಮ ಧೂಳು

ಎಲ್ಲ ಊರಿಗೂ ಒಂದೇ ಪೇಟಿ ಹೊಂದುವುದಿಲ್ಲ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಡೆಯುವ ಓಣಿಗಳಲ್ಲಿ ಹತ್ತಿಯ ನವಿರು ಗಾಳಿಯಲ್ಲೇ ತೇಲುತ್ತಿರುತ್ತದೆ. ಕೂದಲೆಳೆಯಷ್ಟು ನೂಲು ರೀಡಿನ ಕಿಂಡಿಯಲ್ಲಿ ಕೂತರೆ ಸಾಕು, ಸ್ವರ ಮೂಕ. ಸ್ಕೇಲ್ ಚೇಂಜರಿನ ಜಾರುವ ಸಂದಿಗಳಲ್ಲಿ ಈ ನವಿರು ಇನ್ನೂ ಬೇಗ ತುಂಬುತ್ತದೆ. ಅಲ್ಲಿನವರು ಪೇಟಿಗೆ ಬಟ್ಟೆ ಹೊದಿಸಿದರೆ ಸಾಲದು, ಪೆಟ್ಟಿಗೆಯೊಳಗೆ ಮುಚ್ಚಿಡಬೇಕು. ಜಮಖಂಡಿ, ಬೀಳಗಿಯ ಬೇಸಿಗೆಯ ಒಣ ಬಿಸಿಗೆ ಹಸಿ ಕಟ್ಟಿಗೆ ಸೀಳುತ್ತದೆ, ಅಂಟು ಬಿಡುತ್ತದೆ. ಚೆನ್ನಾಗಿ ಒಣಗಿದ ಸಾಗವಾನಿಗೆ ಕೊಟ್ಟ ಹಣ ಹೊಳೆಯುವ ಪಾಲಿಶಿಗೆ ಕೊಟ್ಟ ಹಣಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಪ್ರಸಾದದ ಬೆಲ್ಲ, ಸಕ್ಕರೆ ಬಿದ್ದಲ್ಲಿ ಇಲಿ, ಜಿರಲೆ ಬರುತ್ತವೆ. ಅವುಗಳಿಗೆ ಪೇಟಿಯ ತೊಗಲೂ ಆಹಾರವೇ.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. ನೀರಿಳಿದ ಮೇಲೆ ಮುಧೋಳ ತಾಲ್ಲೂಕಿನ ಊರೊಂದರ ಗುಡಿಯಲ್ಲಿ ಒಂದು ಪೇಟಿ ನೋಡಿದೆ. ಪ್ಲೈವುಡ್ಡಿನ ಪೆಟ್ಟಿಗೆ ಪದರು ಪದರಾಗಿ ಬಿಚ್ಚಿಕೊಂಡು ಉಬ್ಬಿತ್ತು, ತಿದಿಯ ತೊಗಲು ಕೊಳೆತಿತ್ತು. ರೀಡುಗಳ ಮೇಲೆ ಕೆಸರು ಒಣಗಿ ಕೂತಿತ್ತು. ಮಾಸ್ತರರು ಒಂದು ರೀಡನ್ನು ತೊಳೆದು, ಒರೆಸಿ, ತುಟಿಗೆ ಹಿಡಿದು ಊದಿದರು, ಅದು ನುಡಿಯಿತು. ಸುತ್ತ ನಿಂತವರೆಲ್ಲ ಒಂದು ಗಳಿಗೆ ಸುಮ್ಮನಾದರು. ಆ ರೀಡುಗಳು ಮುಂದೆ ಹೊಸ ಪೆಟ್ಟಿಗೆಯೊಳಗೆ ಕೂತು ಮತ್ತೆ ಭಜನೆಗೆ ಬಂದವು. ಪೆಟ್ಟಿಗೆ ಅಂಗಿಯಿದ್ದಂತೆ, ರೀಡು ಜೀವವಿದ್ದಂತೆ.

ಅಂಗಡಿಯಲ್ಲಿ ನಿಂತಾಗ

ಪೇಟಿ ನೋಡಲು ಹೋಗುವಾಗ ಮಾಸ್ತರರ ಜೊತೆ ಹಾಡುವವರನ್ನೂ ಕರೆದೊಯ್ಯಿರಿ. ಅವರ ಷಡ್ಜ ಯಾವುದೆಂದು ಮೊದಲೇ ಗೊತ್ತಿರಲಿ. ನಿಮ್ಮ ತಬಲಾದ ದಾಯಾ (ಬಲಗೈಯದು) ಯಾವ ಸ್ವರಕ್ಕೆ ಕೂಡುತ್ತದೆಂಬುದೂ ಗೊತ್ತಿರಲಿ.

ಮೊದಲು ಗಾಳಿಯ ಪರೀಕ್ಷೆ. ರೀಡುಗಳಿಗೆ ಗಾಳಿ ಬಿಡುವ ಸ್ಟಾಪರುಗಳನ್ನೆಲ್ಲ ಮುಚ್ಚಿ ತಿದಿ ತುಂಬಿ ಬಿಡಿ. ಅದು ತಟ್ಟನೆ ಕುಸಿದರೆ ಎಲ್ಲೋ ಗಾಳಿ ಸೋರುತ್ತಿದೆ. ಆಮೇಲೆ ಸ್ಟಾಪರು ತೆರೆದು ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿ. ತಾನಾಗಿ ಯಾವ ಸ್ವರವೂ ಗುಂಯ್ ಅನ್ನಬಾರದು. ಮೂರನೆಯದಾಗಿ ತೀರ ಮೆಲ್ಲನೆ ಗಾಳಿ ಕೊಟ್ಟು ಒಂದೊಂದೇ ಮನೆ ಒತ್ತಿ. ಒಳ್ಳೆಯ ರೀಡು ಪಿಸುಮಾತಿನಷ್ಟು ಗಾಳಿಗೂ ಓಗೊಡುತ್ತದೆ, ಕೆಟ್ಟದ್ದು ತಡೆದು ಏಳುತ್ತದೆ. ಷಡ್ಜ ಮತ್ತು ಮೇಲಿನ ಷಡ್ಜವನ್ನು ಒಟ್ಟಿಗೆ ಹಿಡಿದು ಕೇಳಿ. ವಂವ್ ವಂವ್ ಎಂದು ಅಲೆ ಎದ್ದರೆ ಶ್ರುತಿ ಕೂಡಿಲ್ಲ. ಕೊನೆಗೆ ಮುಚ್ಚಳ ತೆಗೆಸಿ ಒಳಗಿನ ಕಟ್ಟಿಗೆ ನೋಡಿ. ತೆಗೆಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಸ್ಕೇಲ್ ಚೇಂಜರ್ ಆಗಿದ್ದರೆ ಈ ಪರೀಕ್ಷೆಗಳನ್ನು ಒಂದು ಜಾಗದಲ್ಲಲ್ಲ, ಅದು ಸರಿಯುವ ಪ್ರತಿ ಜಾಗದಲ್ಲೂ ಮಾಡಿ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಯಾರಿಗೆ ಯಾವುದು

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಹೀಗಿದೆ. ವಾರಕ್ಕೊಮ್ಮೆ, ಅಮಾವಾಸ್ಯೆಗೊಮ್ಮೆ, ಶ್ರಾವಣ ಪೂರ್ತಿ ಹಾಡುವ ಭಜನಾ ಮಂಡಳಿಗೆ ಒಳ್ಳೆಯ ರೀಡಿನ, ಸಾಗವಾನಿಯ, ಎರಡು ಸಾಲಿನ, 42 ಮನೆಯ ಸಾದಾ ಪೇಟಿಯೇ ಸರಿ. ದಿಂಡಿಗೆ ನಡೆಯುವವರಿಗೆ ಹಗುರವಾದ ಸಣ್ಣ ಸಾದಾ ಪೇಟಿ. ಪಾರಿಜಾತದ ಮೇಳಕ್ಕೂ ಸಾದಾ. ಅಲ್ಲಿ ಹಿಮ್ಮೇಳದವರು ನುರಿತವರಿರುತ್ತಾರೆ, ಎತ್ತಿನಗಾಡಿಯಿಂದ ಟೆಂಪೋವರೆಗೆ ಎಲ್ಲದರಲ್ಲೂ ಪೇಟಿ ಕುಲುಕಾಡಬೇಕಾಗುತ್ತದೆ. ಹಲವು ಶಿಷ್ಯರಿರುವ ಸಂಗೀತ ಶಾಲೆಗೆ, ಸುಗಮ ಸಂಗೀತಕ್ಕೆ, ಸ್ಪರ್ಧೆಗಳಲ್ಲಿ ಸಾಲಾಗಿ ಸಾಥ್ ಕೊಡುವ ವೃತ್ತಿಪರರಿಗೆ ಸ್ಕೇಲ್ ಚೇಂಜರ್ ಬೇಕು. ಅವರು ಅದನ್ನು ಒಬ್ಬರ ಕೈಯಲ್ಲೇ ಇಟ್ಟುಕೊಂಡು ಜೋಪಾನ ಮಾಡಬಲ್ಲರು.

ಕಲಿಯುವ ಮಕ್ಕಳಿಗೆ ಕೊಡಿಸುವ ತಂದೆತಾಯಿಗಳಿಗೆ ಒಂದು ಮಾತು. ಮಕ್ಕಳಿಗೆ ಮೊದಲು ಸಾದಾ ಪೇಟಿಯನ್ನೇ ಕೊಡಿಸಿ. ಹನ್ನೆರಡು ಶ್ರುತಿಯಿಂದಲೂ ಅಲಂಕಾರ ಬಾರಿಸುವ ರೂಢಿ ಎಳೆಯ ಬೆರಳಿಗೆ ಬಿದ್ದರೆ ಅದು ಬದುಕಿನುದ್ದಕ್ಕೂ ಜೊತೆಗಿರುತ್ತದೆ. ಮನೆ ಸರಿಸುವ ಸೌಕರ್ಯ ಮೊದಲೇ ಸಿಕ್ಕವರ ಬೆರಳು ಒಂದೇ ಓಣಿಯಲ್ಲಿ ಓಡಾಡಿ ಉಳಿಯುತ್ತದೆ.

ಮಂಡಳಿಗಳ ಹಿರಿಯರಲ್ಲಿ ಕೊನೆಯದಾಗಿ ಒಂದು ವಿನಂತಿ. ವಂತಿಗೆಯ ಹಣವನ್ನೆಲ್ಲ ಕೊಳ್ಳುವ ದಿನವೇ ಖರ್ಚು ಮಾಡಬೇಡಿ. ಸಾದಾ ಪೇಟಿ ತಂದರೆ ಉಳಿಯುವ ಹಣವನ್ನು ತೆಗೆದಿಟ್ಟು, ಪ್ರತಿ ವರ್ಷ ಶ್ರಾವಣಕ್ಕೆ ಮುನ್ನ ಶ್ರುತಿ ಕೂಡಿಸುವವರನ್ನು ಊರಿಗೆ ಕರೆಸಿ, ಉಣ್ಣಿಸಿ, ಕೈತುಂಬ ಕೂಲಿ ಕೊಡಿ. ರೀಡು ಕೆರೆಯಬಲ್ಲ ಕೈಗಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಉಳಿದರೆ, ನಿಮ್ಮ ಗುಡಿಯ ಪೇಟಿ ಮೊಮ್ಮಕ್ಕಳ ಕಾಲಕ್ಕೂ ನುಡಿಯುತ್ತದೆ.